ವನಜಕ್ಕನ ಜೊತೆ ಹಿಮನದಿಗೆ

ಮೊನ್ನೆ ಕೈಗವಸು ಹುಡುಕುತ್ತಾ ಬೀರುವಿನ ಮೇಲಿದ್ದ ಸೂಟ್‌ಕೇಸನ್ನು ಕೆಳಗಿಳಿಸಿದೆ. ಕೈಗವಸು ಸಿಗಲಿಲ್ಲ, ಮಂಕಿ ಕ್ಯಾಪು ಸಿಕ್ಕಿತು. ಕಂದು ಬಣ್ಣದ್ದು, ನೆತ್ತಿಯ ಮೇಲೊಂದು ಉಣ್ಣೆಯ ಚೆಂಡು, ಬೆಲೆಯ ಚೀಟಿ ಇನ್ನೂ ಕಿವಿಯ ಹತ್ತಿರ ನೇತಾಡುತ್ತಿತ್ತು. ಮಂಕಿ ಕ್ಯಾಪಿನ ಬಗ್ಗೆ ನಿಮಗೆ ನಾನು ವಿವರಿಸಬೇಕಾಗಿಲ್ಲ. ಊರಿನಲ್ಲಿ ಡಿಸೆಂಬರ್ ಬಂದರೆ ಬೆಳಗಿನ ಬಸ್ಸಿನ ಅರ್ಧ ಜನ ಅದರೊಳಗಿರುತ್ತಾರೆ. ಲಂಡನ್ನಿನಲ್ಲಿ ಅದನ್ನು ಹಾಕಿಕೊಂಡು ಬ್ಯಾಂಕಿನೊಳಗೆ ಕಾಲಿಟ್ಟರೆ ಮಾತ್ರ ಪೊಲೀಸರು ಬಂದಾರು. ನಾನು ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಊರಿನಿಂದ ತಂದ ಅಂಥದ್ದೇ ಒಂದನ್ನು ಹಾಕಿಕೊಂಡು ಹ್ಯಾರೋ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದೆ. ಒಬ್ಬಳು ಮುದುಕಿ ತನ್ನ ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ದೂರ ಸರಿದಳು. ಆಮೇಲೆ ನಾನು ಮಂಕಿ ಕ್ಯಾಪು ಮುಟ್ಟಿರಲಿಲ್ಲ.

ಸೂಟ್‌ಕೇಸಿನ ಈ ಹೊಸದನ್ನು ತರಿಸಿದ್ದು ವನಜಕ್ಕ. ನನಗೊಂದು, ತನಗೊಂದು. ಕುಂದಾಪುರದಿಂದ ಬರುವವರೊಬ್ಬರ ಕೈಯಲ್ಲಿ ಹಪ್ಪಳದ ಕಟ್ಟಿನ ಜೊತೆ ಎರಡು ಮಂಕಿ ಕ್ಯಾಪು ಬಂದವು. "ಐಸಿನ ಊರಿಗ್ ಹೋಪುದಲ್ದಾ, ಕಿವಿಗೆ ಗಾಳಿ ಹೊಕ್ರೆ ಕಡಿಗೆ ನಂಗೇ ಕಷ್ಟ" ಎಂದಳು. ನನಗೆ ಶೀತವಾದರೆ ಕಷ್ಟ ಅವಳಿಗೆ. ನಮ್ಮಿಬ್ಬರ ಸಂಬಂಧ ಮೊದಲಿನಿಂದಲೂ ಹಾಗೇ ಇತ್ತು.

ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಭಾವ ಇಲ್ಲಿ ಒಂದು ಹೋಟೆಲಿನಲ್ಲಿ ಅಡುಗೆಯವರಾಗಿ ಬಂದಿದ್ದರು. ಅವರ ಹಿಂದೆ ಅಕ್ಕ ಬಂದಳು, ಅವಳ ಹಿಂದೆ ನಾನು. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಅಕ್ಕ ಒಂದು ಪ್ರೈಮರಿ ಶಾಲೆಯ ಅಡುಗೆಮನೆಗೆ ಸೇರಿ, ಬಿಳಿ ಟೊಪ್ಪಿ ಹಾಕಿಕೊಂಡು, ಮಕ್ಕಳ ತಟ್ಟೆಗೆ ಬಟಾಣಿ ಮತ್ತು ಕಸ್ಟರ್ಡ್ ಬಡಿಸುತ್ತಾ ಮಗಳನ್ನು ಬೆಳೆಸಿದಳು. ಮಕ್ಕಳು ಅವಳನ್ನು 'ಮಿಸ್ ವ್ಯಾನಿ' ಎಂದು ಕರೆಯುತ್ತಿದ್ದವು. ಅವಳ ಇಂಗ್ಲಿಷ್ ಪೂರ್ತಿ ಆ ಕೌಂಟರಿನ ಹಿಂದೆ ಕಲಿತದ್ದು. ಮನೆ ಡಾಕ್ಟರ್ ಜಿ.ಪಿ. ಹತ್ತಿರ ಹೋದರೂ, ಬಸ್ ಡ್ರೈವರ್ ಹತ್ತಿರ ಮಾತಾಡಿದರೂ, ಏಳು ವರ್ಷದ ಮಗುವಿನ ಹತ್ತಿರ ಮಾತಾಡಿದ ಹಾಗೆಯೇ ಇರುತ್ತಿತ್ತು: "ಗುಡ್ ಬಾಯ್, ವೆರಿ ಗುಡ್, ನೋ ಪುಶಿಂಗ್." ಡ್ರೈವರುಗಳು ನಗುತ್ತಿದ್ದರು. ಯಾರೂ ಬೇಸರ ಮಾಡಿಕೊಂಡದ್ದನ್ನು ನಾನು ನೋಡಿಲ್ಲ.

ನಾನು ಮೊದಲು ಹೋಟೆಲಿನಲ್ಲಿ ಪಾತ್ರೆ ತೊಳೆದೆ, ಆಮೇಲೆ ಸಂಜೆ ಕಾಲೇಜು, ಆಮೇಲೆ ಕೌನ್ಸಿಲ್ ಆಫೀಸಿನ ಪಾರ್ಕಿಂಗ್ ವಿಭಾಗ. ನನ್ನ ಕೆಲಸ ಏನೆಂದರೆ, ದಂಡದ ಚೀಟಿ ಸಿಕ್ಕಿದವರು ಬರೆದ ಕಾಗದಗಳನ್ನು ಓದಿ ಉತ್ತರ ಬರೆಯುವುದು. ಹೆಂಡತಿಗೆ ಹೆರಿಗೆ ನೋವು ಬಂದಿತ್ತು, ತಾಯಿ ಬಿದ್ದಿದ್ದಳು, ನಾಯಿ ಸಾಯುತ್ತಿತ್ತು, ಆದ್ದರಿಂದ ಹಳದಿ ಗೆರೆಯ ಮೇಲೆ ಗಾಡಿ ನಿಲ್ಲಿಸಿದೆವು ಎಂದು ಜನ ಬರೆಯುತ್ತಿದ್ದರು. ತಮ್ಮ ಪರಿಸ್ಥಿತಿಯನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ, ವಿಷಾದವಿದೆ, ಆಗುವುದಿಲ್ಲ ಎಂದು ನಾನು ಬರೆಯುತ್ತಿದ್ದೆ. ಇಪ್ಪತ್ತೆಂಟು ವರ್ಷ ಬರೆದೆ. ಒಳ್ಳೆಯ ಇಂಗ್ಲಿಷ್ ಬಂದಿತು. ಮದುವೆ ಮಾತ್ರ ಆಗಲಿಲ್ಲ. ಅಕ್ಕನ ಮನೆ ಹತ್ತು ನಿಮಿಷದ ದಾರಿ, ಊಟಕ್ಕೆ ತೊಂದರೆ ಇರಲಿಲ್ಲ, ಹಾಗಾಗಿ ಆ ವಿಷಯದಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲೂ ಇಲ್ಲ.

ಹಿಮನದಿ ನೋಡುವ ಹುಚ್ಚು ನನ್ನದು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಬಹಳ ದಿನ ನಾನು ಎಲ್ಲರ ಹತ್ತಿರ "ಅಕ್ಕನಿಗೆ ಆಸೆಯಿತ್ತು" ಎಂದೇ ಹೇಳಿಕೊಂಡು ಬಂದೆ. ಅಕ್ಕನಿಗೆ ಅಂಥ ಆಸೆ ಇರಲಿಲ್ಲ. ಭಾನುವಾರ ಸಂಜೆ ಅವಳ ಮನೆಯ ಸೋಫಾದಲ್ಲಿ ಕೂತು ಟಿ.ವಿ.ಯಲ್ಲಿ ಹಿಮಗಡ್ಡೆ ಮುರಿದು ಬೀಳುವುದನ್ನು, ಸೀಲುಗಳು ಹೊಟ್ಟೆಯ ಮೇಲೆ ಜಾರುವುದನ್ನು ಬಾಯಿಬಿಟ್ಟು ನೋಡುತ್ತಿದ್ದವನು ನಾನು. ಅವಳು ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಿವೃತ್ತಿಯಾದ ವರ್ಷ, ಗ್ರೀನ್‌ಲ್ಯಾಂಡಿಗೆ ಹೋಗಿಬರುವ ಹಡಗೊಂದರ ಜಾಹೀರಾತನ್ನು ಅವಳ ಮುಂದೆ ಹಿಡಿದೆ.

"ಐಸ್ ಕಾಂಬುಕೆ ಹಡಗ್ ಎಂತಕೆ? ಫ್ರೀಜರ್ ಬಾಗಿಲ್ ತೆಗಿ, ಬೇಕಾದಷ್ಟ್ ಕಾಣ್" ಎಂದಳು.

"ಒಬ್ಬನೇ ಹೋಗಲಿಕ್ಕೆ ಮನಸ್ಸಿಲ್ಲ ಅಕ್ಕ."

ಅವಳು ಬೆಳ್ಳುಳ್ಳಿಯ ಸಿಪ್ಪೆ ಊದಿ ಪೇಪರಿನ ಮೇಲೆ ಒಟ್ಟುಮಾಡಿದಳು. "ಹಡಗಲ್ಲಿ ಅನ್ನ ಸಿಕ್ಕತ್ತಾ?" ಎಂದಳು. ಅಷ್ಟೇ. ಅವಳು ಬರುತ್ತಾಳೆ ಎಂದು ನನಗೆ ಗೊತ್ತಾಯಿತು.

ಐಸ್ ಎಂದಾಗ ಒಂದು ನೆನಪಾಗುತ್ತದೆ. ನಾವು ಚಿಕ್ಕವರಿದ್ದಾಗ ಗಂಗೊಳ್ಳಿಯ ಬಂದರಿಗೆ ಮೀನಿಗೆ ಹಾಕುವ ಐಸು ಲಾರಿಯಲ್ಲಿ ಬರುತ್ತಿತ್ತು. ಮರದ ಹೊಟ್ಟು ಮೆತ್ತಿಕೊಂಡ ದೊಡ್ಡ ದೊಡ್ಡ ತುಂಡುಗಳು. ನನಗಾಗ ನಾಲ್ಕೈದು ವರ್ಷ, ಜ್ವರ ಬಂದು ಮಲಗಿದ್ದೆ. ಐಸು ಹೇಗಿರುತ್ತದೆ ಎಂದು ಅಕ್ಕನನ್ನು ಪೀಡಿಸಿದ್ದೆನಂತೆ. ಅವಳು ಶಾಲೆಯಿಂದ ಬರುವಾಗ ಒಂದು ತುಂಡನ್ನು ಲಂಗದಲ್ಲಿ ಸುತ್ತಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಓಡಿಬಂದಳು. ಮನೆ ಮುಟ್ಟುವಾಗ ಲಂಗ ಮಾತ್ರ ಒದ್ದೆ, ಒಳಗೆ ಮರದ ಹೊಟ್ಟು. ಅಮ್ಮ ಬೈದಳು, ಮೀನು ನಾರುತ್ತದೆ ಎಂದು ಲಂಗವನ್ನು ಬಾವಿಕಟ್ಟೆಯಲ್ಲಿ ನೆನೆಹಾಕಿಸಿದಳು. ಅಕ್ಕ ಬಂದು ತನ್ನ ತಣ್ಣನೆಯ ಅಂಗೈಯನ್ನು ನನ್ನ ಹಣೆಯ ಮೇಲಿಟ್ಟು "ಹೀಂಗಿರತ್ತ್ ಕಾಣ್" ಎಂದಳು. ಇದು ನನಗೆ ನಿಜವಾಗಿ ನೆನಪಿದೆಯೋ, ಅವಳು ಹೇಳಿ ಹೇಳಿ ನೆನಪಾಗಿದೆಯೋ ತಿಳಿಯದು.

ಆಗಸ್ಟ್ ತಿಂಗಳಲ್ಲಿ ಸೌತಾಂಪ್ಟನ್ನಿನಿಂದ ಹೊರಟೆವು. ಅಕ್ಕನ ಮಗಳು ಮಾನಸ ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡಿನಿಂದ ಬಂದು ನಮ್ಮನ್ನು ಕಾರಿನಲ್ಲಿ ಬಂದರಿಗೆ ಬಿಟ್ಟಳು. ಅವಳು ಇಲ್ಲಿಯೇ ಹುಟ್ಟಿ ಬೆಳೆದವಳು, ಸಿಟಿಯಲ್ಲಿ ಕೆಲಸ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಇಂಗ್ಲಿಷಿನಲ್ಲಿ. "ಮಾಮ, ಲುಕ್ ಆಫ್ಟರ್ ಹರ್, ಓಕೆ? ಅವಳು ಏನೂ ಹೇಳಲ್ಲ, ಯು ಹ್ಯಾವ್ ಟು ಆಸ್ಕ್" ಎಂದಳು. ನಾನು ಬಹಳ ಜವಾಬ್ದಾರಿಯವನ ಹಾಗೆ ತಲೆಯಾಡಿಸಿದೆ.

ಅಕ್ಕನ ಸೂಟ್‌ಕೇಸಿನಲ್ಲಿ ಅರ್ಧ ಬಟ್ಟೆ, ಅರ್ಧ ಅವಲಕ್ಕಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ. ಹಡಗಿನಲ್ಲಿ ಐದು ಕಡೆ ಊಟ ಸಿಗುತ್ತಿತ್ತು. ಅಕ್ಕ ಐದೂ ಕಡೆ ಹೋಗಿ, ಬಡಿಸುವವರ ಕೈಯನ್ನು ನೋಡಿ, "ಸೌಟ್ ಹಿಡುಕ್ ಬತ್ತಿಲ್ಲ" ಎಂದು ತೀರ್ಪು ಕೊಟ್ಟು ಬಂದಳು. ನಮ್ಮ ಮೇಜಿನಲ್ಲಿ ಬ್ರೆಂಡಾ ಎನ್ನುವ ಎಸೆಕ್ಸ್ ಕಡೆಯ ಹೆಂಗಸು ಇದ್ದಳು, ಗಂಡ ಸತ್ತ ಮೇಲೆ ವರ್ಷಕ್ಕೊಂದು ಹಡಗು ಹತ್ತುವವಳು. ಅಕ್ಕ ಎರಡನೇ ದಿನವೇ ಅವಳ ತಟ್ಟೆಯ ಪಕ್ಕ ಉಪ್ಪಿನಕಾಯಿ ಬಡಿಸಿದಳು. ಬ್ರೆಂಡಾ ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನೂ ಸ್ವಲ್ಪ ಕೇಳಿದಳು. ಅಂದು ಇಡೀ ದಿನ ಅಕ್ಕ ಖುಷಿಯಲ್ಲಿದ್ದಳು.

ಮೂರನೇ ದಿನದಿಂದ ಅವಳು ಮೆಟ್ಟಿಲು ಹತ್ತುವಾಗ ನಿಲ್ಲತೊಡಗಿದಳು. ಕಂಬಿ ಹಿಡಿದು, ಗೋಡೆಯ ಮೇಲಿನ ಚಿತ್ರವನ್ನು ನೋಡುವವಳ ಹಾಗೆ ನಿಲ್ಲುವಳು. ಸಮುದ್ರದ ಮೈ ಸ್ವಲ್ಪ ಎದ್ದಿತ್ತು, ಹಡಗಿನ ಅರ್ಧ ಜನಕ್ಕೆ ವಾಂತಿ. ನಾನು ಅವಳಿಗೊಂದು ವಾಂತಿ ಮಾತ್ರೆ ಕೊಟ್ಟೆ, ಗ್ಯಾಸಿನದೊಂದು ಕೊಟ್ಟೆ. ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬ್ರೆಂಡಾ ನನ್ನನ್ನು ಪಕ್ಕಕ್ಕೆ ಕರೆದು, ನಿನ್ನ ಅಕ್ಕನ ಮುಖದ ಬಣ್ಣ ಸರಿಯಿಲ್ಲ, ಕೆಳಗೆ ಹಡಗಿನ ಡಾಕ್ಟರಿದ್ದಾರೆ, ತೋರಿಸು ಎಂದಳು. ನಮ್ಮ ಜನರ ಬಣ್ಣ ಇವಳಿಗೇನು ಗೊತ್ತು ಎಂದುಕೊಂಡೆ. ಹಾಗೆ ಅಂದುಕೊಂಡೆನಾದರೂ ನಿಜವಾದ ಯೋಚನೆ ಬೇರೆಯೇ ಇತ್ತು. ಡಾಕ್ಟರಿಗೆ ತೋರಿಸಿದರೆ ಐಸ್‌ಲ್ಯಾಂಡಿನಲ್ಲಿ ನಮ್ಮನ್ನು ಇಳಿಸಿಬಿಡುತ್ತಾರೆ ಎಂದು ಹೆದರಿದ್ದೆ. ಹಿಮನದಿ ಇನ್ನೂ ಎರಡು ದಿನ ಆಚೆಗಿತ್ತು.

ಆವತ್ತೇ ಹಡಗು ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ನಿಂತಿತು. ಎಲ್ಲರೂ ಬಸ್ಸು ಹತ್ತಿ ಬಿಸಿನೀರಿನ ಬುಗ್ಗೆ ನೋಡಲು ಹೋದರು. ಅಕ್ಕನಿಗೆ ಬೇಡವೆನಿಸಿತು. ನಾವಿಬ್ಬರೂ ದಡದ ಒಂದು ಬೆಂಚಿನಲ್ಲಿ ಕೂತೆವು. ಬಿಸಿಲಿತ್ತು, ಗಾಳಿಯೂ ಇತ್ತು. ಅವಳು ಮಂಕಿ ಕ್ಯಾಪು ಹಾಕಿಕೊಂಡು ಕೈ ಕಟ್ಟಿ ಕೂತಿದ್ದಳು. ನಾನು ಯಾರೂ ನೋಡದಿರಲಿ ಎಂದು ಸ್ವಲ್ಪ ಜಾಗ ಬಿಟ್ಟು ಕೂತಿದ್ದೆ. ಅದೂ ನಿಜ.

"ಮಾಣಿ" ಎಂದಳು. ಅರವತ್ತರ ಅಂಚಿನಲ್ಲಿದ್ದ ನನ್ನನ್ನು ಮಾಣಿ, ಹುಡುಗ ಎಂದು ಕರೆಯುವವಳು ಜಗತ್ತಿನಲ್ಲಿ ಅವಳೊಬ್ಬಳೇ. "ಎದಿ ಮೇಲ್ ಯಾರೋ ಕೂತಂಗ್ ಆತಿತ್ತ್. ಇಲ್ಲೇ ಇಳಿವನಾ? ಡಾಕ್ಟ್ರಿಗ್ ಒಂದ್ ತೋರ್ಸುವ."

ಹತ್ತಿರದಲ್ಲೇ ಟ್ಯಾಕ್ಸಿಗಳು ಸಾಲಾಗಿ ನಿಂತಿದ್ದವು. ನಾನು ಅವುಗಳನ್ನು ನೋಡಿದೆ. ಆಮೇಲೆ ಹೇಳಿದೆ: "ಇಲ್ಲಿ ಆಸ್ಪತ್ರೆಗೆ ಹೋದ್ರೆ ಸುಲಭಕ್ಕೆ ಬಿಡೋದಿಲ್ಲ ಅಕ್ಕ. ಟೆಸ್ಟು ಅದೂ ಇದೂ ಅಂತ ಮಲಗಿಸ್ತಾರೆ. ಹಡಗು ಸಂಜೆ ಹೊರಡ್ತದೆ. ನಾಡಿದ್ದು ಹಿಮನದಿ. ಅದೊಂದು ಆಗಿಬಿಡಲಿ. ಹ್ಯಾರೋಗೆ ಹೋದ ಕೂಡಲೇ ಜಿ.ಪಿ. ಹತ್ತಿರ ನಾನೇ ಕರ್ಕೊಂಡು ಹೋಗ್ತೇನೆ. ಗ್ಯಾಸೇ ಇರಬೇಕು."

ಬಹಳ ಸಮಾಧಾನದಿಂದಲೇ ಹೇಳಿದೆ. ಆಗುವುದಿಲ್ಲ ಎಂದು ಬರೆದು ಬರೆದು ಇಪ್ಪತ್ತೆಂಟು ವರ್ಷದ ಅಭ್ಯಾಸ.

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. "ಆಯ್ತ್ ಮಾಣಿ" ಎಂದಳು. ಬೆಂಚಿನಿಂದ ಏಳುವಾಗ ನನ್ನ ಭುಜ ಹಿಡಿದುಕೊಂಡಳು. ಆ ಕೈಯ ಭಾರ ಹೆಚ್ಚಿತ್ತು. ನನಗೆ ಗೊತ್ತಾಯಿತು. ಗೊತ್ತಾದರೂ ಹಡಗಿನ ಕಡೆಗೇ ನಡೆದೆವು.

ಮರುದಿನವಿಡೀ ಬರೀ ಸಮುದ್ರ. ಅವಳು ಕ್ಯಾಬಿನ್ನಿನಲ್ಲಿ ದಿಂಬಿಗೊರಗಿ ಕೂತೇ ಇದ್ದಳು, ಮಲಗಿದರೆ ಉಸಿರು ಕಟ್ಟುತ್ತದೆ ಎಂದಳು. ಹಡಗಿನ ಡಾಕ್ಟರನ್ನು ಕರೆಯಲೇ ಎಂದು ನಾನು ಕೇಳಿದೆ. ಬೇಡ, ನಾಳೆ ಒಂದು ಕಳೆಯಲಿ, ನಿನ್ನ ಐಸು ನೋಡು ಎಂದಳು. ಅವಳು ಬೇಡವೆಂದಳು ಎನ್ನುವುದನ್ನು ನಾನು ಆಮೇಲೆ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಅದು ಸುಳ್ಳಲ್ಲ. ಆದರೆ ಅವಳು ಒಮ್ಮೆ ಬೇಕು ಎಂದಿದ್ದಳು, ನಾನು ಬೇಡವೆಂದಿದ್ದೆ. ಅವಳು ಎರಡನೇ ಸಲ ಕೇಳುವವಳಲ್ಲ.

ಅದರ ಮಾರನೆಯ ಬೆಳಿಗ್ಗೆ ಎಂಟರ ಸುಮಾರಿಗೆ ನಾನು ಮೇಲೆ ಚಹಾ ತರಲು ಹೋದೆ. "ನೀ ಹೋಯಿ ಕಂಡ್ಕಂಡ್ ಬಾ, ಚಾ ನಿಧಾನಕ್ಕಾಯ್ಲಿ" ಎಂದಳು. ಅದು ಅವಳ ಕೊನೆಯ ಮಾತು. ಡೆಕ್ಕಿಗೆ ಹೋದರೆ ಮೊದಲ ಹಿಮಬಂಡೆ ಕಾಣಿಸಿಕೊಂಡಿತ್ತು. ಒಂದು ಚರ್ಚಿನಷ್ಟು ದೊಡ್ಡದು, ಬುಡದಲ್ಲಿ ನೀಲಿ. ಜನ ಗುಂಪುಗಟ್ಟಿ ನೋಡುತ್ತಿದ್ದರು. ಚಹಾದ ಲೋಟಗಳನ್ನು ಕಂಬಿಯ ಮೇಲಿಟ್ಟು ನಾನೂ ನೋಡಿದೆ. ಚಹಾ ತಣ್ಣಗಾಯಿತು. ಒಳಗೆ ಹೋಗಿ ಬೇರೆ ತುಂಬಿಸಿಕೊಂಡೆ. ಒಟ್ಟು ಇಪ್ಪತ್ತೈದು ನಿಮಿಷ ಆಗಿರಬಹುದು.

ಕ್ಯಾಬಿನ್ನಿನಲ್ಲಿ ಅವಳು ಕುರ್ಚಿಯಲ್ಲಿ ಕೂತಿದ್ದಳು. ಕನ್ನಡಕ ಹಾಕಿಕೊಂಡಿದ್ದಳು, ಒಂದು ಕಾಲಿಗೆ ಮಾತ್ರ ಕಾಲುಚೀಲ. ಇನ್ನೊಂದು ಕೈಯಲ್ಲಿತ್ತು. ಮೇಲೆ ಬರಲು ತಯಾರಾಗುತ್ತಿದ್ದಳೋ, ಡಾಕ್ಟರನ್ನು ಹುಡುಕಿ ಹೊರಡುತ್ತಿದ್ದಳೋ ನನಗೆ ತಿಳಿಯದು. ನಾನು ಚಹಾವನ್ನು ಮೇಜಿನ ಮೇಲಿಟ್ಟು "ಅಕ್ಕ, ಚಾ" ಎಂದೆ. ಇನ್ನೊಮ್ಮೆ ಎಂದೆ.

ಡಾಕ್ಟರ್ ಓಡಿಬಂದಳು, ಇನ್ನಿಬ್ಬರು ಬಂದರು, ಅಕ್ಕನನ್ನು ನೆಲದ ಮೇಲೆ ಮಲಗಿಸಿ ಬಹಳ ಹೊತ್ತು ಎದೆ ಒತ್ತಿದರು. ನಾನು ಸ್ನಾನದ ಮನೆಯ ಬಾಗಿಲಿಗೆ ಅಂಟಿಕೊಂಡು, ಅವಳ ಸೀರೆ ಸರಿಮಾಡಿ ಎಂದು ಕನ್ನಡದಲ್ಲಿ ಹೇಳುತ್ತಿದ್ದೆನಂತೆ. ಡಾಕ್ಟರ್ ಗಡಿಯಾರ ನೋಡಿ ಏನೋ ಬರೆದುಕೊಂಡಳು. ನನ್ನ ಪಕ್ಕದಲ್ಲಿ ಕೂತು, ಎಷ್ಟು ದಿನದಿಂದ ಹೀಗಿತ್ತು ಎಂದು ಮೆಲ್ಲಗೆ ಕೇಳಿದಳು. ನಿನ್ನೆಯಿಂದ ಎಂದೆ.

ಹಡಗುಗಳಲ್ಲಿ ಇದಕ್ಕೆಂದೇ ಒಂದು ಕೋಣೆ ಇರುತ್ತದೆ, ನಿಮಗೆ ಗೊತ್ತೇ? ನನಗೆ ಗೊತ್ತಿರಲಿಲ್ಲ. ನೀರಿನ ಮಟ್ಟಕ್ಕಿಂತ ಕೆಳಗೆ, ತಣ್ಣನೆಯದು. ಕೆಲಸದವರ ಲಿಫ್ಟಿನಲ್ಲಿ ಅಕ್ಕನನ್ನು ಅಲ್ಲಿಗೆ ಕರೆದೊಯ್ದರು. ಕಾರಿಡಾರಿನ ಎರಡೂ ತುದಿಯಲ್ಲಿ ಒಬ್ಬೊಬ್ಬರು ನಿಂತು ಬರುವವರನ್ನು ನಗುಮುಖದಿಂದ ಬೇರೆ ದಾರಿಗೆ ಕಳಿಸುತ್ತಿದ್ದರು. ಮುಂದೆ ಸಿಗುವ ಊರುಗಳು ಬಹಳ ಚಿಕ್ಕವು, ಅಲ್ಲಿ ಇಳಿಸಿದರೆ ಕಾಗದಪತ್ರಕ್ಕೇ ವಾರಗಟ್ಟಲೆ ಬೇಕು, ಸೌತಾಂಪ್ಟನ್ನಿಗೆ ಕರೆದುಕೊಂಡು ಹೋಗುವುದೇ ಒಳ್ಳೆಯದು ಎಂದು ಆಫೀಸಿನ ಹೆಂಗಸು ವಿವರಿಸಿದಳು. ಇನ್ನೂ ಐದು ದಿನದ ದಾರಿ. ಅವಳು ನನಗೊಂದು ಬೇರೆ ಕ್ಯಾಬಿನ್ ಕೊಟ್ಟಳು, ಬಾಲ್ಕನಿ ಇರುವುದು. ಮನೆಗೆ ಫೋನ್ ಮಾಡುತ್ತೀರಾ ಎಂದು ಕೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಮಾಡುತ್ತೇನೆ ಎಂದೆ.

ಇನ್ನು ಮುಂದಿನದನ್ನು ಬರೆಯಲು ನನಗೆ ಕಷ್ಟವಾಗುತ್ತದೆ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಎರಡು ಗಂಟೆಗೆ ಕ್ಯಾಪ್ಟನ್ನನ ಧ್ವನಿ ಕೇಳಿಸಿತು: ಎಡಗಡೆಗೆ ಹಿಮನದಿ. ನಾನು ಹೊಸ ಕ್ಯಾಬಿನ್ನಿನ ಹಾಸಿಗೆಯಲ್ಲಿ ಕೂತಿದ್ದೆ. ಎದುರಿಗೆ ಟವೆಲ್ಲನ್ನು ಮಡಿಸಿ ಮಾಡಿದ ಆನೆ ಇತ್ತು. ಗಾಳಿಗೆ ಹೋದೆ, ಉಸಿರು ಕಟ್ಟಿತ್ತು ಎಂದು ನಾನು ಹೇಳಿಕೊಳ್ಳಬಹುದು. ಆದರೆ ಬಾಲ್ಕನಿ ಬಲಗಡೆಗಿತ್ತು. ಗಾಳಿ ಅಲ್ಲೂ ಇತ್ತು. ನಾನು ಜಾಕೆಟ್ ಹಾಕಿಕೊಂಡು, ಹೆಗಲಿಗೆ ದುರ್ಬೀನು ಹಾಕಿಕೊಂಡು, ಮೂರು ಮಹಡಿ ಹತ್ತಿ ಎಡಗಡೆಯ ಡೆಕ್ಕಿಗೆ ಹೋದೆ. ನೋಡಲಿಕ್ಕೇ ಹೋದೆ.

ಎರಡು ಕಪ್ಪು ಬೆಟ್ಟಗಳ ನಡುವಿನಿಂದ ಅದು ಇಳಿದುಬಂದಿತ್ತು. ಟಿ.ವಿ.ಯಲ್ಲಿ ಅದರ ಸದ್ದು ಕೇಳಿಸುವುದಿಲ್ಲ. ಒಳಗೆಲ್ಲೋ ಮರ ಸೀಳಿದ ಹಾಗೆ ಒಂದು ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಮುಂದಿನ ಗೋಡೆಯ ಒಂದು ಭಾಗ ನಿಧಾನಕ್ಕೆ ಜಾರಿ ನೀರಿಗೆ ಬಿತ್ತು. ಕಲ್ಲಿನ ಲಾರಿ ಮಗುಚಿದ ಹಾಗೆ ಗುಡುಗು. ಜನ ಕೂಗಿ ಚಪ್ಪಾಳೆ ತಟ್ಟಿದರು. ತೇಲುವ ಮಂಜಿನ ಹಲಗೆಯ ಮೇಲೆ ಮೂರು ಸೀಲುಗಳು ತಲೆಯೆತ್ತಿ ನೋಡಿ ಮತ್ತೆ ಮಲಗಿದವು. ಆಚೆ ಒಂದು ತಿಮಿಂಗಿಲದ ಬೆನ್ನು ಎದ್ದು, ಹೊಗೆಯಂತೆ ಉಸಿರು ಬಿಟ್ಟು, ಮುಳುಗಿತು. ಅದು ಚೆನ್ನಾಗಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾದದ್ದನ್ನು ನಾನು ನೋಡಿಲ್ಲ. ಎಷ್ಟೋ ನಿಮಿಷ ನನಗೆ ಬೇರೇನೂ ನೆನಪಿರಲಿಲ್ಲ.

ಬ್ರೆಂಡಾ ಪಕ್ಕಕ್ಕೆ ಬಂದು, ಅಕ್ಕ ಎಲ್ಲಿ ಎಂದು ಕೇಳಿದಳು.

"ಮಲಗಿದ್ದಾಳೆ" ಎಂದೆ.

"ಪಾಪ, ಇದನ್ನು ತಪ್ಪಿಸಿಕೊಳ್ಳುತ್ತಿದ್ದಾಳೆ. ಒಂದು ಫೋಟೋ ತೆಗೆದುಕೊಂಡು ಹೋಗು" ಎಂದಳು. ನಾನು ಫೋನು ತೆಗೆದು ಫೋಟೋ ಹೊಡೆದೆ.

ಮಾನಸಳಿಗೆ ಫೋನ್ ಮಾಡಿದ್ದು ಅದಾದ ಮೇಲೆ, ನಾಲ್ಕರ ಹೊತ್ತಿಗೆ. ಅವಳು ಆಫೀಸಿನಲ್ಲಿದ್ದಳು. ಕೇಳಿದ ತಕ್ಷಣ "ನೋ ನೋ ನೋ" ಎಂದಷ್ಟೇ ಹೇಳುತ್ತಿದ್ದಳು, ಅಮ್ಮನ ಹಾಗೆಯೇ, ತಳ್ಳಾಡುವ ಮಕ್ಕಳಿಗೆ ಹೇಳುವ ಹಾಗೆ. ಆಮೇಲೆ ಕೇಳಿದಳು: "ಅವಳು ನೋಡಿದಳಾ ಮಾಮ? ದ ಗ್ಲೇಸಿಯರ್? ಅಟ್ ಲೀಸ್ಟ್ ನೋಡಿದಳಾ?"

ಇಂಥ ಪ್ರಶ್ನೆಗೆ ನೀವೇನು ಹೇಳುತ್ತಿದ್ದಿರಿ?

"ನೋಡಿದಳು" ಎಂದೆ. "ನೋಡಿ ಬಂದು ಕುರ್ಚಿಯಲ್ಲಿ ಕೂತಳು. ಹಾಗೇ ಹೋದಳು." ಮತ್ತು ಆ ಫೋಟೋವನ್ನು ಅವಳಿಗೆ ಕಳಿಸಿದೆ. ಅಮ್ಮ ಕೊನೆಗೆ ನೋಡಿದ್ದು ಎಂದು ಬರೆದು ಕಳಿಸಿದೆ.

ಐದು ದಿನ ವಾಪಸು ಬಂದೆವು, ನಾನು ಒಂಬತ್ತನೇ ಮಹಡಿಯಲ್ಲಿ, ಅಕ್ಕ ನೀರಿನ ಕೆಳಗೆ. ಹಸಿವು ಇಲ್ಲವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಹೊತ್ತಿಗೆ ಸರಿಯಾಗಿ ಹಸಿವಾಗುತ್ತಿತ್ತು. ಕೋಣೆಗೆ ಊಟ ಬರುತ್ತಿತ್ತು, ತಿನ್ನುತ್ತಿದ್ದೆ. ಅವಳ ಅವಲಕ್ಕಿಗೆ ಚಟ್ನಿಪುಡಿ ಕಲಸಿಕೊಂಡೂ ತಿಂದೆ. ಬ್ರೆಂಡಾಳಿಗೆ ಹೇಗೋ ವಿಷಯ ತಿಳಿಯಿತು. ಒಮ್ಮೆ ಬಾಗಿಲು ತಟ್ಟಿದಳು, ನಾನು ತೆರೆಯಲಿಲ್ಲ.

ಹ್ಯಾರೋದಲ್ಲಿ ನಮ್ಮ ಕಡೆಯವರೆಲ್ಲ ಬಂದರು. ಅಕ್ಕ ಕೆಲಸ ಮಾಡಿದ್ದ ಶಾಲೆಯಿಂದ ದೊಡ್ಡ ಹೂಗುಚ್ಛ ಬಂತು. ಪುಣ್ಯವಂತೆ, ನರಳಲಿಲ್ಲ, ಕೊನೆಗೆ ಹಿಮಾಲಯ ನೋಡಿದ ಹಾಗಾಯಿತು ಎಂದು ಒಬ್ಬರು ಹೇಳಿದರು. ಅಕ್ಕನ ಬಹುಕಾಲದ ಆಸೆ, ತಮ್ಮ ನಡೆಸಿಕೊಟ್ಟ ಎಂದು ಇನ್ನೊಬ್ಬರು. ನಾನು ಇಲ್ಲ ಎನ್ನಲಿಲ್ಲ. ಹದಿಮೂರನೇ ದಿನಕ್ಕೆ ಇಲ್ಫರ್ಡಿಗೆ ಹೋದರೆ ಮಾನಸ ಆ ಹಿಮನದಿಯ ಫೋಟೋವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಹಾಲಿನಲ್ಲಿ ಅಕ್ಕನ ಫೋಟೋದ ಪಕ್ಕ ತೂಗುಹಾಕಿದ್ದಳು. ಎರಡಕ್ಕೂ ಸೇರಿಸಿ ಒಂದೇ ಉದ್ದನೆಯ ಮಲ್ಲಿಗೆ ಮಾಲೆ. ನಾನು ಆ ಗೋಡೆಗೆ ಬೆನ್ನುಹಾಕಿ ಊಟಕ್ಕೆ ಕೂತೆ.

ಮೂರು ತಿಂಗಳು ಹಾಗೇ ನಡೆಯಿತು. ಒಂದು ಶನಿವಾರ ಬೆಳಿಗ್ಗೆ ನನ್ನ ಫ್ಲಾಟಿನ ಬೆಲ್ ಆಯಿತು. ಮಾನಸ ನಿಂತಿದ್ದಳು. ಫೋನ್ ಮಾಡದೆ ಬರುವವಳಲ್ಲ. ಕಂಕುಳಲ್ಲಿ ಆ ಚೌಕಟ್ಟು, ಕೈಯಲ್ಲೊಂದು ಕವರು. ಒಳಗೆ ಬಂದು, ಕೋಟು ತೆಗೆಯದೆ, ಎರಡನ್ನೂ ಊಟದ ಮೇಜಿನ ಮೇಲಿಟ್ಟಳು. ಹಡಗಿನ ಡಾಕ್ಟರರ ವರದಿಯನ್ನು ಅವಳು ಬರೆದು ತರಿಸಿಕೊಂಡಿದ್ದಳು. ಅಮ್ಮನ ಹೃದಯಕ್ಕೆ ಏನಾಗಿತ್ತು, ತನಗೂ ಅದು ಬರಬಹುದೇ ಎಂದು ತಿಳಿದುಕೊಳ್ಳಲು.

"ಎಂಟೂ ಐವತ್ತು" ಎಂದಳು. "ಮಾರ್ನಿಂಗ್. ಫೋಟೋದಲ್ಲಿ ಟೈಮ್ ಇದೆ, ಎರಡೂ ಇಪ್ಪತ್ತು. ಇದನ್ನ ಯಾರು ನೋಡಿದ್ದು ಮಾಮ?"

"ನಾನು."

"ಅವಳು ಕೆಳಗೆ ಇದ್ದಾಗ."

"ಹೌದು."

ಅವಳು ಕುರ್ಚಿ ಎಳೆದು ಕೂತಳು. ಕೂಗುತ್ತಾಳೆ ಎಂದುಕೊಂಡೆ, ಕೂಗಲಿಲ್ಲ. "ನನಗೆ ಸಮಾಧಾನ ಆಗಲಿ ಅಂತ ಹೇಳಿದ್ರಿ. ಐ ಗೆಟ್ ಇಟ್. ಆದ್ರೂ ಮೂರು ತಿಂಗಳು ನಾನು ಇದಕ್ಕೆ ಹೂ ಹಾಕಿದೆ."

ಅಲ್ಲಿಗೇ ಬಿಡಬಹುದಿತ್ತು. ಅವಳು ನನಗೊಂದು ದಾರಿ ತೋರಿಸಿಬಿಟ್ಟಿದ್ದಳು: ನೀವು ಒಳ್ಳೆಯದಕ್ಕೆ ಸುಳ್ಳು ಹೇಳಿದಿರಿ ಎಂದು. ಐಸ್‌ಲ್ಯಾಂಡಿನ ಬೆಂಚಿನ ಸಂಗತಿ ಯಾವ ವರದಿಯಲ್ಲೂ ಇರಲಿಲ್ಲ. ಅದು ಗೊತ್ತಿದ್ದವರು ಇಬ್ಬರೇ, ಒಬ್ಬಳು ಹೋಗಿದ್ದಳು. ನಾನು ಕೆಟಲ್ಲಿಗೆ ನೀರು ತುಂಬಿಸಿದೆ, ಸ್ವಿಚ್ಚು ಹಾಕಿದೆ, ನೀರು ಕುದಿದು ಸದ್ದು ನಿಂತಿತು. ಲೋಟ ತೆಗೆಯಲಿಲ್ಲ. ಅವಳಿಗೆ ಬೆನ್ನು ಹಾಕಿ ನಿಂತುಕೊಂಡೇ ಎಲ್ಲ ಹೇಳಿದೆ. ಮೆಟ್ಟಿಲಿನಲ್ಲಿ ನಿಂತದ್ದು, ಬ್ರೆಂಡಾ ಎಚ್ಚರಿಸಿದ್ದು, ಅಕ್ಕ ಇಳಿವನಾ ಎಂದು ಕೇಳಿದ್ದು, ಎದುರಿಗೇ ಟ್ಯಾಕ್ಸಿ ಇದ್ದದ್ದು, ನಾನು ಗ್ಯಾಸು ಎಂದದ್ದು.

"ಅವಳು ಕೇಳಿದಳಾ?" ಎಂದಳು ಮಾನಸ. "ಅಮ್ಮ? ತಾನಾಗಿ?"

"ಕೇಳಿದಳು."

"ಅವಳು ಯಾವತ್ತೂ ಏನೂ ಕೇಳಿದವಳಲ್ಲ ಮಾಮ. ನಾಟ್ ಒನ್ಸ್ ಇನ್ ಹರ್ ಲೈಫ್."

"ಗೊತ್ತು."

ಅವಳು ವರದಿಯನ್ನು ಮಾತ್ರ ತೆಗೆದುಕೊಂಡು ಎದ್ದಳು. ಚೌಕಟ್ಟನ್ನು ಅಲ್ಲೇ ಬಿಟ್ಟಳು. ಲಿಫ್ಟ್ ಬಂತು, ಅವಳು ಹೋದಳು.

ಚಳಿಗಾಲ ಕಳೆಯಿತು. ಅವಳ ಫೋನಿಲ್ಲ. ಅಂಗಡಿಯಲ್ಲಿ ಸಿಕ್ಕಿದ ಊರವರು ಮಾನಸ ಹೇಗಿದ್ದಾಳೆ ಎಂದು ಕೇಳಿದರೆ ಚೆನ್ನಾಗಿದ್ದಾಳೆ ಎನ್ನುತ್ತಿದ್ದೆ. ನಾನು ಅಡುಗೆ ಕಲಿಯಲು ಪ್ರಯತ್ನಿಸಿದೆ. ಸಾರು ಮಾಡಿದರೆ ಬಣ್ಣ ಮಾತ್ರ ಬರುತ್ತಿತ್ತು. ಏಪ್ರಿಲ್‌ನಲ್ಲಿ ಒಂದು ದಿನ ಅವಳೇ ಫೋನ್ ಮಾಡಿದಳು.

"ಮಾಮ, ನಾನು ಕ್ಷಮಿಸಿದೀನಿ ಅಂತ ಅಂದ್ಕೋಬೇಡಿ. ಐ ಹ್ಯಾವಂಟ್. ಆಗತ್ತೋ ಇಲ್ವೋ ಗೊತ್ತಿಲ್ಲ" ಎಂದಳು. "ಆದ್ರೆ ಭಾನುವಾರ ಬನ್ನಿ. ಅಮ್ಮ ಚಿಕ್ಕವಳಿದ್ದಾಗಿನದು ನನಗೆ ಏನೂ ಗೊತ್ತಿಲ್ಲ. ನಾನು ಕೇಳಲೇ ಇಲ್ಲ. ಈಗ ಗೊತ್ತಿರೋರು ನೀವೊಬ್ರೇ."

ಈಗ ಪ್ರತಿ ಭಾನುವಾರ ಹೋಗುತ್ತೇನೆ. ಹ್ಯಾರೋದಿಂದ ಒಂದು ರೈಲು, ಆಮೇಲೆ ಇನ್ನೊಂದು. ಅವಳು ಬಾಗಿಲು ತೆರೆದು "ಬನ್ನಿ" ಎನ್ನುತ್ತಾಳೆ, ಮೊದಲಿನ ಹಾಗೆ ತಬ್ಬಿಕೊಳ್ಳುವುದಿಲ್ಲ. ಎದುರು ಕೂತು ನೋಟುಪುಸ್ತಕ ತೆರೆದು ಕೇಳುತ್ತಾಳೆ, ನಾನು ಹೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾಳೆ. ಮನೆಯ ಹಸುವಿನ ಹೆಸರೇನು, ಅಮ್ಮ ಯಾವ ತರಗತಿಯವರೆಗೆ ಓದಿದಳು, ಜಡೆ ಎಷ್ಟು ಉದ್ದ ಇತ್ತು. ಹಡಗಿನ ಸುದ್ದಿ ಇಬ್ಬರೂ ಎತ್ತುವುದಿಲ್ಲ. ಗೋಡೆಯ ಮೇಲೆ ಖಾಲಿ ಮೊಳೆಯೊಂದು ಹಾಗೇ ಇದೆ.

ಕಳೆದ ಭಾನುವಾರ ಕೇಳಿದಳು, "ಅಮ್ಮನಿಗೆ ಈಜು ಬರ್ತಿತ್ತಾ?"

"ಚೆನ್ನಾಗಿ ಬರ್ತಿತ್ತು. ನನಗೆ ಕಲಿಸಿದ್ದೇ ಅವಳು. ಮನೆಯ ಹಿಂದೆ ಹೊಳೆಯ ಹಿನ್ನೀರಿತ್ತು. ನನ್ನ ಗದ್ದದ ಕೆಳಗೆ ಅಂಗೈ ಇಟ್ಟು ಹಿಡ್ಕೊಳ್ತಿದ್ದಳು. ನಾನು ಕಾಲು ಬಡೀತಾ ಹೋಗೋದು, ಅವಳು ಪಕ್ಕದಲ್ಲಿ ನಡ್ಕೊಂಡು ಬರೋದು."

ಅವಳು ಬರೆದುಕೊಂಡಳು. ಪೆನ್ನು ಎತ್ತದೆ, ತಲೆಯನ್ನೂ ಎತ್ತದೆ ಕೇಳಿದಳು: "ಯಾವಾಗಾದ್ರೂ ಕೈ ಬಿಟ್ಟಳಾ?"

"ಇಲ್ಲ" ಎಂದೆ.

ಅದನ್ನೂ ಬರೆದುಕೊಂಡಳು.